ಕುದುರೆಗೂದಲಿನ ಗಡ್ಡ ಮತ್ತು ಕೆಂಪು ಕಾಳಿನ ಕಣಗಳು

ಆಸ್ಪತ್ರೆಯ ಪ್ರಯೋಗಾಲಯಕ್ಕೆ ಸೇರಬೇಕೆನ್ನುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು, "ರಕ್ತ ನೋಡಿದ್ರ ಅಂಜಿಕಿ ಬರೂದಿಲ್ಲೇನ್ರಿ?" ಎಂದು. ರಕ್ತಕ್ಕೆ ಅಂಜಬೇಕಾಗಿಲ್ಲ. ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಣ್ಣ ಹಾಕಿದಿರೆಂದರೆ ಅದು ಇಳಕಲ್ ಸೀರೆಯ ಸೆರಗಿಗಿಂತ ಚೆಂದ ಕಾಣುತ್ತದೆ. ಅಂಜಬೇಕಾದದ್ದು ಕಫದ ಡಬ್ಬಿಗೆ. ಅದಕ್ಕೂ ನಾಲ್ಕು ವಾರದಲ್ಲಿ ಒಗ್ಗಿಕೊಳ್ಳುತ್ತೀರಿ. ನಾನಂತೂ ಒಂದು ಕೈಯಲ್ಲಿ ಡಬ್ಬಿ ಹಿಡಿದು ಇನ್ನೊಂದು ಕೈಯಲ್ಲಿ ಚಹಾ ಕುಡಿಯುವಷ್ಟು ಒಗ್ಗಿಹೋಗಿದ್ದೆ. ನೀವು ಹಾಗೆ ಮಾಡಬೇಡಿ.

ನಮ್ಮ ತಂದೆ ಗದಗಿನವರು, ಪುಣೆಯಲ್ಲಿ ರೈಲ್ವೆ ಗುಮಾಸ್ತರು. ನಾನು ನರ್ಸಿಂಗ್ ಕಲಿಯಲು ಹೋದವಳು. ಆದರೆ ರೋಗಿ ಅತ್ತರೆ ನನಗೂ ಅಳು ಬರುತ್ತಿತ್ತು. ನಾನು ಅಳುವುದನ್ನು ಕಂಡು ಪಕ್ಕದ ಮಂಚದವರೂ ಅಳತೊಡಗುತ್ತಿದ್ದರು. ಮೇಟ್ರನ್ನರಿಗೆ ಸಾಕಾಗಿ ಹೋಗಿ, "ಗಾಜಿನ ಪಟ್ಟಿಗಳು ಅಳುವುದಿಲ್ಲ, ಅಲ್ಲಿ ಹೋಗು" ಎಂದು ನನ್ನನ್ನು ಪ್ರಯೋಗಾಲಯಕ್ಕೆ ದಾಟಿಸಿದರು. ಅದು ಇಪ್ಪತ್ತರ ದಶಕದ ಮಾತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನಾನು ಕೆಲಸದಿಂದ ಬಿಡುಗಡೆ ಹೊಂದುವವರೆಗೂ ಅದೇ ಕೋಣೆ, ಅದೇ ಉತ್ತರದ ಕಿಟಕಿ.

ಆ ಕೋಣೆಯ ಯಜಮಾನರು ಡಾಕ್ಟರ್ ಯಾಳಗಿ, ಬೆಳಗಾವಿಯವರು. ಹೆಂಗಸೊಬ್ಬಳನ್ನು ಕೆಲಸಕ್ಕೆ ಕಳಿಸಿದ್ದಾರೆಂದು ಕೇಳಿ ಅವರು ತಲೆಯೆತ್ತಿಯೂ ನೋಡಲಿಲ್ಲ. "ಕೈ ನಡಗ್ತಾವೇನು?" ಎಂದರು. "ಇಲ್ರಿ" ಎಂದೆ. "ಹಂಗಾದ್ರ ಕೂಡ್ರಿ" ಎಂದರು. ಸಂದರ್ಶನ ಮುಗಿಯಿತು.

ಅವರ ಹತ್ತೂ ಬೆರಳ ತುದಿ ಯಾವಾಗಲೂ ಕೆಂಪು. ರಕ್ತಕ್ಕೆ ಹಾಕುವ ಇಯೊಸಿನ್ ಎಂಬ ಬಣ್ಣದ ಕರಾಮತ್ತು ಅದು. ಒಂದು ಮದುವೆಯ ಊಟದಲ್ಲಿ ಯಾರೋ ಅಜ್ಜಿ, "ಗಂಡಸು ಇಷ್ಟು ವಯಸ್ಸಿಗೆ ಮದರಂಗಿ ಹಚ್ಕೊಂಡಾನ" ಎಂದು ಪಂಕ್ತಿಯಲ್ಲೇ ಹೇಳಿಬಿಟ್ಟಳಂತೆ. ಅಂದಿನಿಂದ ಅವರ ಹೆಂಡತಿ ಮದುವೆಗಳಿಗೆ ಒಬ್ಬರೇ ಹೋಗತೊಡಗಿದರು. ಆಗ ಬಣ್ಣಗಳನ್ನು ನಾವೇ ಪುಡಿ ತೂಗಿ ಕಲಸಬೇಕಿತ್ತು. ಈಗ ಸೀಸೆಯಲ್ಲಿ ತಯಾರಾಗಿ ಬರುತ್ತದೆ. ಸೂಕ್ಷ್ಮದರ್ಶಕಕ್ಕೆ ವಿದ್ಯುದ್ದೀಪವಿರಲಿಲ್ಲ. ಕಿಟಕಿಯ ಬೆಳಕನ್ನೇ ಕನ್ನಡಿಯಲ್ಲಿ ಹಿಡಿಯಬೇಕು. ಮಳೆಗಾಲದಲ್ಲಿ ಮೋಡ ಸರಿಯುವವರೆಗೆ ಕಾಯುತ್ತ ಕೂತರೆ ಡಾಕ್ಟರರು ಹುರಿದ ಶೇಂಗಾ ಹಂಚುತ್ತಿದ್ದರು.

ಒಂದು ದಿನ ಅವರು ನನಗೆ ಉಬ್ಬಸದ ರೋಗಿಯೊಬ್ಬರ ಕಫವನ್ನು ತೋರಿಸಿದರು. ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ ಇದೆ. ಅದರ ಹೊಟ್ಟೆಯ ತುಂಬ ಸಣ್ಣ ಸಣ್ಣ ಕಾಳು, ಇಯೊಸಿನ್ ಬಿದ್ದ ಕೂಡಲೆ ಕೆಂಪಗೆ ಹೊಳೆಯುತ್ತವೆ, ದಾಳಿಂಬೆ ಸೀಳಿಟ್ಟ ಹಾಗೆ. ನಾವು ಅವನ್ನು ಕೆಂಪು ಕಾಳಿನ ಕಣ ಎನ್ನುತ್ತಿದ್ದೆವು. ಆರೋಗ್ಯವಂತರ ರಕ್ತದಲ್ಲಿ ಹುಡುಕಿದರೆ ಎಲ್ಲೋ ಒಂದೆರಡು ಸಿಕ್ಕಾವು. ಆ ಕಫದಲ್ಲಿ ನೋಡಿದರೆ ಕಣ್ಣು ಹಾಯಿಸಿದಲ್ಲೆಲ್ಲ ಅವೇ.

"ಕೃಷ್ಣಾಬಾಯಿ, ಇವು ರಕ್ತದಾಗ ಇರೂವು. ಪುಪ್ಪುಸಕ್ಕ ಯಾಕ ಬಂದ್ವು?" ಎಂದು ಡಾಕ್ಟರರು ಕೇಳಿದರು.

"ಗೊತ್ತಿಲ್ರಿ."

"ನನಗೂ ಗೊತ್ತಿಲ್ಲ. ಇವಕ್ಕ ಕಣ್ಣಿಲ್ಲ, ಕಿವಿ ಇಲ್ಲ. ಆದ್ರ ಯಾರೋ ಕರದ್ರು, ಇವು ಬಂದ್ವು. ಕರಿಯೂದಕ್ಕ ಏನರೆ ಒಂದು ರಸಾಯನ ಇರಬೇಕು. ವಾಸನಿ ಬಂದಂಗ. ಅದು ಯಾವುದು ಅಂತ ಗೊತ್ತಾತಂದ್ರ ಉಬ್ಬಸ ಅರ್ಧ ಗೊತ್ತಾದಂಗ."

ಆ ಪ್ರಶ್ನೆಗೆ ಅವರು ಅಂಟಿಕೊಂಡು ಬಿಟ್ಟರು. ನಾನೂ ಅಂಟಿಕೊಂಡೆ. ಅದಕ್ಕೆ ಕಾರಣನಾದವನು ಚನ್ನಪ್ಪ.

ಚನ್ನಪ್ಪ ಹುಬ್ಬಳ್ಳಿ ಕಡೆಯ ಒಂದು ನಾಟಕ ಮಂಡಳಿಯ ನಟ. ಆ ಮಂಡಳಿ ವರ್ಷಕ್ಕೊಮ್ಮೆ ಪುಣೆ, ಸಾಸವಡ, ಇಂದಾಪುರಗಳ ಕಡೆ ಬಂದು ಡೇರೆ ಹಾಕುತ್ತಿತ್ತು. ಎತ್ತರದ ಆಳು, ತುಂಬಿದ ಕಂಠ. ಆದರೆ ನಮ್ಮಲ್ಲಿಗೆ ಬಂದಾಗ ಆ ಕಂಠದಿಂದ ಸೀಟಿ ಹೊಡೆದಂತೆ ಸದ್ದು ಬರುತ್ತಿತ್ತು. ಜೊತೆಗೆ ಬಂದ ಮಂಡಳಿಯ ಮಾಲೀಕರು ಪ್ರಕರಣವನ್ನು ಹೀಗೆ ವಿವರಿಸಿದರು:

"ಇವ ರಾಣಿ ಪಾರ್ಟು ಮಾಡಿದ್ರ ಏನೂ ಆಗೂದಿಲ್ರಿ. ದಾಸಿ ಪಾರ್ಟು ಮಾಡಿದ್ರೂ ಏನಿಲ್ಲ. ರಾಜಾ ಆಗಿ ಸಿಂಹಾಸನದ ಮ್ಯಾಲ ಕೂತ ಅಂದ್ರ ಮುಗೀತು, ದಮ್ಮು ಹತ್ತತದ. ರಾಜನ ಪಾರ್ಟಿಗೆ ದೃಷ್ಟಿ ಆಗೇದ ಅಂತ ನಾವು ನಿಂಬಿಹಣ್ಣ ಇಳಿಸಿದ್ವಿ, ಸಿಂಹಾಸನನ ಬದಲಿ ಮಾಡಿದ್ವಿ. ಇನ್ನ ಏನ ಮಾಡೂಣು ಹೇಳ್ರಿ."

ಡಾಕ್ಟರ್ ಯಾಳಗಿಯವರ ಮುಖ ಅರಳಿತು. "ರಾಜಾಗ ಇರೂದು, ರಾಣಿಗೆ ಇಲ್ಲದ್ದು ಏನು?" ಎಂದು ಚನ್ನಪ್ಪನನ್ನು ಕೇಳಿದರು.

"ದರ್ಪ ರೀ," ಎಂದ ಅವನು.

"ಅದಲ್ಲೋ ಮಾರಾಯ, ಮುಖದ ಮ್ಯಾಲ."

"ಗಡ್ಡ, ಮೀಸಿ."

ಮರುದಿನ ಅವನು ಮಾಲೀಕರನ್ನೂ ಕರೆದುಕೊಂಡು, ಗಡ್ಡ, ಮೀಸೆ, ಅವನ್ನು ಅಂಟಿಸುವ ಅಂಟು, ಮುಖದ ಪುಡಿ ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ತಂದ. ಗಡ್ಡ ಕುದುರೆಯ ಕೂದಲಿನದು. ಒಂದೊಂದನ್ನೂ ಬೇರೆ ಬೇರೆ ಬಟ್ಟಲಲ್ಲಿ ಉಪ್ಪು ನೀರಿನಲ್ಲಿ ನೆನೆಹಾಕಿ ಸೋಸಿದೆ. ಅವನ ಮುಂಗೈ ಮೇಲೆ ಸೂಜಿಯಿಂದ ಸಾಲಾಗಿ ಗೀರಿ ಒಂದೊಂದು ಗೀರಿನ ಮೇಲೂ ಒಂದೊಂದು ಹನಿ ಬಿಟ್ಟೆ. ಬರಿಯ ಉಪ್ಪು ನೀರಿನದೂ ಒಂದು. ಅಂಟು, ಪುಡಿ, ಉಪ್ಪು ನೀರು ಸುಮ್ಮನಿದ್ದವು. ಗಡ್ಡದ ನೀರು ಬಿದ್ದ ಕಡೆ ಮೊದಲು ಕೆಂಪಾಯಿತು, ತುರಿಸಿತು, ಆಮೇಲೆ ನಡುವೆ ಬೆಳ್ಳಗೆ ಒಂದು ಗಾದರಿ ಎದ್ದಿತು, ಸೊಳ್ಳೆ ಕಚ್ಚಿದ ಕಡೆ ಏಳುವಂಥದ್ದು, ಆದರೆ ಬೆಳ್ಳಿ ರೂಪಾಯಿಯಷ್ಟು ಅಗಲ.

ಚನ್ನಪ್ಪ ಅದನ್ನು ನೋಡಿ ಕೇಳಿದ, "ಕುದುರಿ ಕೂದಲಿನ್ಯಾಗ ಇಷ್ಟ ವಿಷ ಇರ್ತದೇನ್ರಿ? ಹಂಗಾದ್ರ ಟಾಂಗಾ ಹೊಡಿಯೋ ಮಂದಿ ಹ್ಯಾಂಗ ಬದುಕ್ಯಾರ?"

ಒಳ್ಳೆಯ ಪ್ರಶ್ನೆ. ಡಾಕ್ಟರರು ಬೀರುವಿನಿಂದ ವಿಲಾಯತಿಯಿಂದ ತರಿಸಿದ ಒಂದು ಪುಟ್ಟ ಸೀಸೆ ತೆಗೆದರು. ಹಿಸ್ಟಮಿನ್ ಎಂಬ ಪದಾರ್ಥ. ತಮ್ಮ ಮುಂಗೈ, ನನ್ನ ಮುಂಗೈ, ಮಾಲೀಕರ ಮುಂಗೈ ಮೂರಕ್ಕೂ ಗೀರಿ, ಅದನ್ನು ಚೆನ್ನಾಗಿ ತೆಳುವು ಮಾಡಿ ಒಂದೊಂದು ಹನಿ ಹಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಮೂವರಿಗೂ ಗಾದರಿ. ಚನ್ನಪ್ಪನದರ ಪಡಿಯಚ್ಚು.

"ವಿಷ ಕುದುರ್ಯಾಗ ಇಲ್ಲ," ಎಂದು ಅವರು ವಿವರಿಸಿದರು. "ಈ ಪದಾರ್ಥ ನಮ್ಮೆಲ್ಲರ ಮೈಯಾಗೂ ಅದ, ಕೀಲಿ ಹಾಕಿ ಇಟ್ಟಂಗ ಅದ. ನಿನ್ನ ಮೈಗೆ ಕುದುರಿ ಮ್ಯಾಲ ಏನೋ ಸಿಟ್ಟು. ಅದರ ಸುಳಿವು ಸಿಕ್ಕ ಕೂಡ್ಲೆ ಕೀಲಿ ತಗದು ಇದನ್ನ ಹೊರಗ ಬಿಡತದ. ಇದು ಹೊರಗ ಬಂತಂದ್ರ ರಕ್ತನಾಳ ಸೋರತಾವ, ಚರ್ಮ ಉಬ್ಬತದ. ಪುಪ್ಪುಸದಾಗ ಬಂತಂದ್ರ ಗಾಳಿ ಹೋಗೋ ನಳಗಿ ಬಿಗೀತಾವ. ನಮ್ಮ ಮೈಗೆ ಕುದುರಿ ಮ್ಯಾಲ ಸಿಟ್ಟಿಲ್ಲ, ಅಷ್ಟ ಫರಕು."

ಮಾಲೀಕರು ತಮ್ಮ ಕೈಯನ್ನು ತುರಿಸಿಕೊಳ್ಳುತ್ತ, "ನನಗ ಯಾಕ ಹಚ್ಚಿದ್ರಿ?" ಎಂದು ಕೇಳಿದರು. ಡಾಕ್ಟರರು ಅವರ ಗಾದರಿಯ ಅಗಲವನ್ನೂ ಅಳೆದು ಬರೆದುಕೊಂಡರು.

ಕುದುರೆ ಗಡ್ಡ ಹೋಯಿತು. ಮೊದಲು ಸಣಬಿನ ಗಡ್ಡ ಮಾಡಿಸಿದರು. ರಾಜ ಕಸಬರಿಗೆ ಕಚ್ಚಿಕೊಂಡು ಬಂದಂತೆ ಕಂಡು ಪ್ರೇಕ್ಷಕರು ನಕ್ಕರು. ಆಮೇಲೆ ಚನ್ನಪ್ಪ ಆಡಿನ ಕೂದಲನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು, "ಅಕ್ಕಾರ, ಮೊದಲ ಇದನ್ನ ಕೈ ಮ್ಯಾಲ ಹಚ್ಚಿ ನೋಡ್ರಿ" ಎಂದ. ಆಡು ಅವನಿಗೆ ಒಗ್ಗಿತು. ಅಂದಿನಿಂದ ಪುಣೆಗೆ ಬಂದಾಗಲೆಲ್ಲ ಅವನು ನಮ್ಮಲ್ಲಿಗೆ ಬಂದು ಹೊಸ ಶಾಲು, ಹೊಸ ದಿಂಬು, ಒಮ್ಮೆ ಬೀಗರು ಕೊಟ್ಟ ಕಂಬಳಿಯನ್ನೂ ಪರೀಕ್ಷೆ ಮಾಡಿಸಿಕೊಂಡು ಹೋದ. ಕಂಬಳಿಯಲ್ಲಿ ಏನೂ ದೋಷ ಸಿಗಲಿಲ್ಲ. ಅವನಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಆ ದಿನಗಳಲ್ಲೇ ಡಾಕ್ಟರರು ದೊಡ್ಡ ತಪ್ಪೊಂದನ್ನು ಮಾಡಿದರು. ಊರಿನ ವೈದ್ಯರ ತಿಂಗಳ ಸಭೆಯಲ್ಲಿ ಎದ್ದು ನಿಂತು, ಕೆಂಪು ಕಾಳಿನ ಕಣಗಳನ್ನು ಕರೆಯುವುದು ಹಿಸ್ಟಮಿನ್ನೇ ಎಂದು ಗಟ್ಟಿಯಾಗಿ ಹೇಳಿಬಿಟ್ಟರು. ಚಪ್ಪಾಳೆಯೂ ಬಿತ್ತು. ಪರೀಕ್ಷೆ ಮಾಡಿ ನೋಡಿರಲಿಲ್ಲ. ಮರುದಿನ ನಾನು, "ನೋಡೇ ಬಿಡೂಣಲ್ರಿ" ಎಂದೆ. ಇಬ್ಬರೂ ಕೈಗೆ ಹಿಸ್ಟಮಿನ್ ಹಚ್ಚಿಕೊಂಡು, ಗಾದರಿ ಎದ್ದ ಜಾಗದಿಂದ ಗಂಟೆಗೊಮ್ಮೆ ಸೂಜಿಮೊನೆಯಷ್ಟು ರಸ ತೆಗೆದು, ಬಣ್ಣ ಹಾಕಿ ನೋಡಿದೆವು. ಕೆಂಪು ಕಾಳಿನ ಕಣಗಳು ಇಲ್ಲವೆನ್ನುವಷ್ಟು ಕಡಿಮೆ. ಚನ್ನಪ್ಪನಿಗೆ ಕುದುರೆಗೂದಲಿನ ನೀರು ಹಚ್ಚಿ ನೋಡಿದರೆ, ಗಾದರಿ ಇಳಿದು ಹೋದ ಎಷ್ಟೋ ಹೊತ್ತಿನ ಮೇಲೆ ಅವು ಸಾಲುಗಟ್ಟಿ ಬಂದವು. ಮತ್ತೆ ಮತ್ತೆ ನೋಡಿದೆವು. ಮತ್ತೆ ಮತ್ತೆ ಹಾಗೆಯೇ.

ಡಾಕ್ಟರರು ಸೂಕ್ಷ್ಮದರ್ಶಕದಿಂದ ಮುಖ ಎತ್ತಿ, "ಹಿಸ್ಟಮಿನ್ನು ಬಾಗಿಲಾ ತಗೀತದ, ಕಣಗಳನ್ನ ಕರಿಯಾಂವ ಬ್ಯಾರೆ ಇದ್ದಾನ," ಎಂದರು. ಮುಂದಿನ ಸಭೆಯಲ್ಲಿ ಅಂಗಿಯ ತೋಳು ಮಡಿಸಿ, ಗೀರು ತುಂಬಿದ ಕೈ ತೋರಿಸಿ, "ಹೋದ ತಿಂಗಳು ನಾನು ಹೇಳಿದ್ದು ತಪ್ಪು. ಸಾಕ್ಷಿ ಇಲ್ಲಿದೆ" ಎಂದು ಮರಾಠಿಯಲ್ಲಿ ಹೇಳಿದರು. ಹಿರಿಯ ವೈದ್ಯರೊಬ್ಬರು, ಚಪ್ಪಾಳೆಯನ್ನು ವಾಪಸು ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಸಭೆಯೆಲ್ಲ ನಕ್ಕಿತು. ಯಾಳಗಿಯವರು ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ಅನೇಕ ಮೇಲಧಿಕಾರಿಗಳನ್ನು ಕಂಡಿದ್ದೇನೆ. ಕೆಲವರು ತಪ್ಪನ್ನು ಮುಚ್ಚಲು ಹೆಣಗಿ ಮುದುಕರಾದರು. ಇವರು ಹೇಳಿ ಹಗುರಾದರು.

ನಗು ನಿಂತುಹೋದ ದಿನವೂ ಒಂದು ಬಂತು.

ಪಾದಯಾತ್ರೆ ಹೊರಟ ವಾರಕರಿ ಭಕ್ತರ ಪಲ್ಲಕ್ಕಿ ಸಾಸವಡದಲ್ಲಿ ತಂಗುವ ಕಾಲ. ಜನ ಸೇರುತ್ತಾರೆಂದು ಚನ್ನಪ್ಪನ ಮಂಡಳಿ ಅಲ್ಲಿ ಡೇರೆ ಹಾಕಿತ್ತು. ಗಾಡಿ, ಎತ್ತು, ಕುದುರೆಗಳು ನಿಂತು ಕೆಸರಾದ ಬಯಲಿನಲ್ಲಿ ಅವನು ಬರಿಗಾಲಲ್ಲಿ ನಡೆದು, ಡೇರೆಯ ತುಕ್ಕು ಹಿಡಿದ ಮೊಳೆಯೊಂದನ್ನು ಆಳವಾಗಿ ತುಳಿದ. ಮರುದಿನ ಬೆಳಿಗ್ಗೆ ಮೋಟಾರಿನಲ್ಲಿ ಘಾಟಿ ಇಳಿದು ಆಸ್ಪತ್ರೆಗೆ ಬಂದ. ಕರ್ತವ್ಯದ ಮೇಲಿದ್ದ ಡಾಕ್ಟರ್ ಲಿಮಯೆ ಗಾಯವನ್ನು ಬಿಚ್ಚಿ ತೊಳೆದರು. ಲದ್ದಿ ಬಿದ್ದ ನೆಲ, ಆಳದ ಗಾಯ, ಧನುರ್ವಾಯು ಆಗುವ ಭಯ. ಅದನ್ನು ತಡೆಯಲು ಆಗ ಇದ್ದದ್ದು ಒಂದೇ ಸೀರಮ್. ಅದನ್ನು ತಯಾರಿಸುತ್ತಿದ್ದದ್ದು ಕುದುರೆಯ ರಕ್ತದಿಂದ.

ಲಿಮಯೆಯವರು ಶಿಸ್ತಿನ ವೈದ್ಯರು. ಸೂಜಿ ಹಾಕುವ ಮೊದಲು, ಉಬ್ಬಸ ಇದೆಯೇ, ಯಾವುದಾದರೂ ವಸ್ತು ಮೈಗೆ ಆಗುವುದಿಲ್ಲವೇ ಎಂದು ಕೇಳಿದರು. ಚನ್ನಪ್ಪ ತನಗೆ ಬರುವಷ್ಟು ಮರಾಠಿಯಲ್ಲಿ ಗಡ್ಡದ ಕಥೆ ಹೇಳಿದ. ಅವರು ಸಿರಿಂಜನ್ನು ಕೆಳಗಿಟ್ಟು ಅವನನ್ನು ಗಾಲಿ ಕುರ್ಚಿಯಲ್ಲಿ ತಾವೇ ತಳ್ಳಿಕೊಂಡು ನಮ್ಮ ಕೋಣೆಗೆ ಬಂದರು.

ಸೀರಮ್ಮನ್ನು ತೀರ ತೆಳುವು ಮಾಡಿ ಮುಂಗೈ ಗೀರಿನ ಮೇಲೆ ಒಂದು ಹನಿ ಬಿಟ್ಟೆ. ನೋಡುನೋಡುತ್ತ ಗಾದರಿ ಎದ್ದು ಅಂಚಿನಿಂದ ಬೇರು ಬಿಟ್ಟಂತೆ ಹರಡಿತು. ಆ ಸೀರಮ್ಮನ್ನು ಒಂದೇ ಸಲ ಪೂರ್ತಿ ಕೊಟ್ಟಿದ್ದರೆ ಮೈಯೊಳಗಿನ ಎಲ್ಲ ಕೀಲಿಗಳೂ ಒಮ್ಮೆಲೇ ತೆರೆದುಕೊಳ್ಳುತ್ತಿದ್ದವು. ಅಂಥ ಸಾವುಗಳ ಬಗ್ಗೆ ನಾವು ಓದಿದ್ದೆವು.

ಯಾಳಗಿಯವರು ಕುರ್ಚಿ ಎಳೆದುಕೊಂಡು ಚನ್ನಪ್ಪನ ಎದುರು ಕೂತರು. "ನೋಡು ಚನ್ನಪ್ಪ. ಸೀರಮ್ ಕೊಡದಿದ್ರ ಧನುರ್ವಾಯು ಆಗಬಹುದು, ಆಗದನೂ ಇರಬಹುದು. ಆತಂದ್ರ ಉಳಿಯೂದು ಕಠಿಣ. ಒಮ್ಮೆಲೇ ಕೊಟ್ರ ಇಲ್ಲೇ ಜೀವಕ್ಕ ಅಪಾಯ. ಮೂರನೇ ದಾರಿ ಒಂದದ. ಮೊದಲ ಧೂಳಿನಷ್ಟು, ಆಮ್ಯಾಲ ಸ್ವಲ್ಪ, ಆಮ್ಯಾಲ ಇನ್ನೊಂದೀಟು, ಹಿಂಗ ಮೈಗೆ ಸುಳಿವು ಹತ್ತದಂಗ ಏರಿಸ್ಕೋತ ಹೋಗೂದು. ಅದರಾಗೂ ತ್ರಾಸ ಆಗಬಹುದು. ಹೇಳು."

ಚನ್ನಪ್ಪ ತನ್ನ ಕಾಲಿನ ಪಟ್ಟಿಯನ್ನೇ ನೋಡುತ್ತಿದ್ದ. "ನನ್ನ ಹೇಣ್ತಿ ಘಾಟಿನ ಆ ಕಡೆ ಅದಾಳ್ರಿ. ಸಂಜಿಗೆ ಬರ್ತೇನಿ ಅಂತ ಹೇಳಿ ಬಂದೇನಿ," ಎಂದ. ನನ್ನ ಕಡೆ ತಿರುಗಿ, "ಅಕ್ಕಾರು ಕೂಡ ಇರ್ತಾರೇನ್ರಿ?" ಎಂದು ಕೇಳಿದ.

"ಇರ್ತೇನಪ್ಪ," ಎಂದೆ.

"ಹಂಗಾದ್ರ ಶುರು ಮಾಡ್ರಿ."

ಲಿಮಯೆ ನಾಡಿ ಹಿಡಿದರು, ಯಾಳಗಿ ಸೂಜಿ ಹಾಕಿದರು, ನಾನು ಪ್ರತಿ ಪ್ರಮಾಣವನ್ನೂ ಅಳೆದು ಕೊಟ್ಟೆ. ಕುಸಿಯುವ ನಾಡಿ, ಉಸಿರುಗಳನ್ನು ಎತ್ತಿ ಹಿಡಿಯುವ ಅಡ್ರೆನಲಿನ್ ಎಂಬ ಮದ್ದು ತುಂಬಿದ ಸಿರಿಂಜು ಪಕ್ಕದ ತಟ್ಟೆಯಲ್ಲಿ ತಯಾರಿತ್ತು. ಮೊದಲಿನ ಕೆಲವು ಸೂಜಿಗಳಿಗೆ ಏನೂ ಆಗಲಿಲ್ಲ. ಚನ್ನಪ್ಪ ಧೈರ್ಯ ತಂದುಕೊಂಡು ರಾಜನ ಮಾತುಗಳನ್ನು ಸಣ್ಣಗೆ ಒಪ್ಪಿಸತೊಡಗಿದ. ಮಧ್ಯಾಹ್ನದ ಹೊತ್ತಿಗೆ ಒಂದು ಸೂಜಿ ಹಾಕಿದ ಮೇಲೆ ಆ ಮಾತು ನಡುವೆಯೇ ನಿಂತಿತು. ತುಟಿ ಊದಿತು, ಕುತ್ತಿಗೆಯ ಮೇಲೆ ಕೆಂಪು ಹತ್ತಿತು, ಎದೆಯಲ್ಲಿ ಸೀಟಿ ಕೇಳಿಸಿತು. ಲಿಮಯೆ ಮರಾಠಿಯಲ್ಲಿ, ನಾಡಿ ಸಿಗುತ್ತಿಲ್ಲ ಎಂದರು. ನಾನು ಅಡ್ರೆನಲಿನ್ ಕೈಗಿತ್ತೆ, ಯಾಳಗಿ ತೋಳಿಗೆ ಚುಚ್ಚಿದರು. ಚನ್ನಪ್ಪನ ಕೈ ನನ್ನ ಕೈಯಲ್ಲಿ ಮಂಜಿನ ಹಾಗೆ ತಣ್ಣಗಿತ್ತು. ವಾರ್ಡಿನಲ್ಲಿ ಅಳುತ್ತಿದ್ದವಳು ನಾನು, ಅಂದು ಕಣ್ಣು ಒಣಗಿ ಹೋಗಿತ್ತು. ಅಳಲು ಪುರಸೊತ್ತಿರಲಿಲ್ಲ.

ಹೃದಯ ಜೋರಾಗಿ ಬಡಿಯತೊಡಗಿದ್ದು ಅವನ ಅಂಗಿಯ ಮೇಲೆಯೇ ಕಾಣಿಸಿತು. ಬಿಗಿದ ಉಸಿರು ಸಡಿಲವಾಯಿತು. ಕಣ್ಣು ತೆರೆದು, ಊದಿದ ತುಟಿಯಿಂದಲೇ, "ಎಲ್ಲಿಗೆ ನಿಂತಿತ್ರಿ ಮಾತು?" ಎಂದ. ಲಿಮಯೆಯವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವರೇ ಮೊದಲು ನಕ್ಕರು.

ತುಂಬ ಹೊತ್ತು ಕಾದು, ಪ್ರಮಾಣ ಇಳಿಸಿ, ಮತ್ತೆ ಮೆಲ್ಲಗೆ ಏರಿಸಿದೆವು. ಹೊತ್ತು ಮುಳುಗುವ ಮುನ್ನ ಬೇಕಾದಷ್ಟು ಸೀರಮ್ ಒಳಗೆ ಹೋಗಿತ್ತು. ಸುದ್ದಿ ಕೇಳಿ ಘಾಟಿ ದಾಟಿ ಬಂದ ಹೆಂಡತಿ ಅವನನ್ನು ನೋಡಿದ ಕೂಡಲೇ ಬರಿಗಾಲಲ್ಲಿ ನಡೆದದ್ದಕ್ಕೆ ಚೆನ್ನಾಗಿ ಬೈದಳು. ಅದಕ್ಕಿಂತ ಒಳ್ಳೆಯ ಔಷಧ ನಮ್ಮಲ್ಲಿರಲಿಲ್ಲ. ಒಂದು ವಾರ ಕಳೆದ ಮೇಲೆ ಅವನಿಗೆ ಜ್ವರ, ಮೈತುಂಬ ಗಾದರಿ, ಕೀಲುನೋವು ಬಂದವು. ಅದು ನಾವು ನಿರೀಕ್ಷಿಸಿದ್ದೇ, ಸೀರಮ್ ಪಡೆದ ಎಷ್ಟೋ ಜನರಿಗೆ ಬರುವಂಥದ್ದು. ಅದೂ ಇಳಿಯಿತು. ಧನುರ್ವಾಯು ಬರಲಿಲ್ಲ. ಆ ವಾರ ಮುದುಕನಂತೆ ಬಾಗಿ ನಡೆಯುತ್ತಿದ್ದವನು ಅದೇ ನಡಿಗೆಯನ್ನು ಮುಂದೆ ಮುದಿ ಮಂತ್ರಿಯ ಪಾತ್ರಕ್ಕೆ ಬಳಸಿ ಹೆಸರು ಮಾಡಿದ.

ಹೊಸಬರಿಗೆ ಇಷ್ಟು ಹೇಳುತ್ತೇನೆ. ಆ ದಿನ ನಮ್ಮನ್ನು ಕಾಪಾಡಿದ್ದು ಲಿಮಯೆಯವರು ಕೇಳಿದ ಆ ಒಂದು ಪ್ರಶ್ನೆ. ನಿಮ್ಮ ಕಣ್ಣಿಗೆ ಬೀಳುವುದು ಗಾಜಿನ ಮೇಲಿನ ಕಣ. ಆ ಕಣ ಯಾರದು, ಅವರು ಏನು ತಿನ್ನುತ್ತಾರೆ, ಎಲ್ಲಿ ಮಲಗುತ್ತಾರೆ, ಮುಖಕ್ಕೆ ಏನು ಅಂಟಿಸಿಕೊಳ್ಳುತ್ತಾರೆ ಎಂದು ಕೇಳಲು ನಾಚಬೇಡಿ.

ವರ್ಷಗಳು ಕಳೆದು ಎರಡನೆಯ ಮಹಾಯುದ್ಧವೂ ಮುಗಿಯಿತು. ಯಾಳಗಿಯವರು ನಿವೃತ್ತರಾಗಿದ್ದರೂ ಶೇಂಗಾ ಹಿಡಿದುಕೊಂಡು ನಮ್ಮ ಕೋಣೆಗೆ ಬಂದು ಕೂಡುತ್ತಿದ್ದರು. ಆಗ ಮುಂಬಯಿಯಿಂದ ಹೊಸ ಮಾತ್ರೆಗಳು ಬಂದವು, ಹಿಸ್ಟಮಿನ್ನಿನ ಕೆಲಸವನ್ನೇ ತಡೆಯುವ ಮಾತ್ರೆ. ಯಾಳಗಿಯವರು ಮೊದಲು ತಾವೇ ಒಂದನ್ನು ನುಂಗಿ, ಕೈಗೆ ಹಿಸ್ಟಮಿನ್ ಹಚ್ಚಿಸಿಕೊಂಡರು. ಗಾದರಿ ಹೆಸರಿಗೆ ಮಾತ್ರ ಎದ್ದಿತು. "ನೋಡಿದ್ರೇನು ಕೃಷ್ಣಾಬಾಯಿ," ಎಂದು ಶುರುಮಾಡಿದ ವಾಕ್ಯವನ್ನು ಮುಗಿಸದೆ ಕುರ್ಚಿಯಲ್ಲೇ ಗೊರಕೆ ಹೊಡೆದರು. ಆ ಮಾತ್ರೆಗಳ ನಿದ್ದೆ ಅಂಥದ್ದು.

ಚನ್ನಪ್ಪನಿಗೂ ಕೆಲವು ಮಾತ್ರೆ ಕೊಟ್ಟು, ನಿದ್ದೆಯ ವಿಷಯ ಎಚ್ಚರಿಸಿ ಕಳಿಸಿದೆವು. ಅವನು ಈಗ ಮಂಡಳಿಯ ಹಿರಿಯ. ಪುಣೆಯಲ್ಲಿ ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ನಮ್ಮಿಬ್ಬರನ್ನೂ ಕರೆದಿದ್ದ. ಪೆಟ್ರೋಲಿನ ಅಭಾವದಿಂದ ಮೋಟಾರು ಸಿಗದೆ ಟಾಂಗಾ ಹತ್ತಿ ಬಂದನಂತೆ. ಮೈತುಂಬ ಗಾದರಿ, ಎದೆಯಲ್ಲಿ ಸೀಟಿ. ಬಣ್ಣ ಹಚ್ಚುವ ಮೊದಲು ಮಾತ್ರೆ ನುಂಗಿದ.

ಎರಡನೆಯ ಅಂಕದಲ್ಲಿ ಸಿಂಹಾಸನದ ಮೇಲೆ ರಾಜ ಗಲ್ಲಕ್ಕೆ ಕೈ ಹಚ್ಚಿ ಕೂತ. ಮಂತ್ರಿ ರಾಜ್ಯದ ಕಷ್ಟವನ್ನು ಉದ್ದನೆಯ ಹಾಡಿನಲ್ಲಿ ಹೇಳಿದ. ಹಾಡು ಮುಗಿಯಿತು, ರಾಜ ಅಲುಗಲಿಲ್ಲ. ಮಂತ್ರಿ ಕೊನೆಯ ಸಾಲನ್ನು ಮತ್ತೆ ಹಾಡಿದ. ರಾಜ ಅಲುಗಲಿಲ್ಲ. ಪ್ರೇಕ್ಷಕರು ಎಂಥ ಗಾಢ ಚಿಂತೆ ಎಂದು ಉಸಿರು ಬಿಗಿಹಿಡಿದರು. ಪಕ್ಕದಲ್ಲಿ ಯಾಳಗಿಯವರು ಧೋತರದ ಚುಂಗನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದರು. ಮಂತ್ರಿ ಕಾಲಿಗೆ ಬೀಳುವ ನೆಪದಲ್ಲಿ ರಾಜನ ಕಾಲನ್ನು ಹಿಡಿದು ಎಳೆದ. ಚನ್ನಪ್ಪ ಬೆಚ್ಚಿ ಎದ್ದು, ಸಭೆಯನ್ನೊಮ್ಮೆ ದಿಟ್ಟಿಸಿ, "ಎಲ್ಲವನ್ನೂ ಆಲೋಚಿಸಿದೆವು" ಎಂದು ಗಂಭೀರವಾಗಿ ಹೇಳಿದ. ಡೇರೆ ಹಾರಿಹೋಗುವಂತೆ ಚಪ್ಪಾಳೆ ಬಿತ್ತು.

ಬಿಡುವಿನಲ್ಲಿ ಒಳಗೆ ಹೋದೆವು. ಅವನ ಕೈಯ ಗಾದರಿಗಳು ಮಾಯವಾಗಿದ್ದವು. ಯಾಳಗಿಯವರು ರಾಜಪೋಷಾಕಿನ ಮೇಲೆಯೇ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ಸೀಟಿ ಸ್ವಲ್ಪವೂ ಕಡಿಮೆಯಾಗಿರಲಿಲ್ಲ.

"ಚರ್ಮದ ಮ್ಯಾಲ ಹಿಸ್ಟಮಿನ್ನಿನ ಬಾಯಿ ಮುಚ್ಚಿಸಿದ್ವಿ," ಎಂದು ಅವರು ನನ್ನ ಕಡೆ ತಿರುಗಿದರು. ಎಪ್ಪತ್ತು ದಾಟಿದ ಮುಖದಲ್ಲಿ ಹಬ್ಬದ ಕಳೆ ಇತ್ತು. "ಎದ್ಯಾಗ ಇನ್ನೂ ಬ್ಯಾರೆ ಯಾರೋ ಮಾತಾಡ್ಲಿಕತ್ತಾರ, ಕೃಷ್ಣಾಬಾಯಿ."

ಚನ್ನಪ್ಪ ಕಿರೀಟವನ್ನು ಸರಿಮಾಡಿಕೊಳ್ಳುತ್ತ, "ಅವರ ಹೆಸರು ಗೊತ್ತಾದ ಮ್ಯಾಲ ತಿಳಸ್ರಿ. ಒಂದು ಪಾರ್ಟು ಕೊಡೂಣು," ಎಂದ. ಅಷ್ಟರಲ್ಲಿ ಮುಂದಿನ ಅಂಕದ ಗಂಟೆ ಹೊಡೆಯಿತು. ಯಾಳಗಿಯವರು ಅವನಿಗೆ ಉಸಿರು ಸಡಿಲಿಸುವ ಮದ್ದು ಕೊಟ್ಟರು. ಎದೆಯ ಬಿಗಿ ಇಳಿಯುವವರೆಗೆ ಮಂತ್ರಿ ಇನ್ನೊಂದು ಹಾಡು ಹೇಳಿ ಪ್ರೇಕ್ಷಕರನ್ನು ಹಿಡಿದಿಟ್ಟ. ಆಮೇಲೆ ರಾಜ ಎದ್ದು ನಿಂತು, ದೀರ್ಘವಾಗಿ ಒಂದು ಉಸಿರೆಳೆದು, ಮೂರನೆಯ ಅಂಕಕ್ಕೆ ನಡೆದ.